ಈ ಸಾಲು ಮುಗಿಸಿ ಬರ್ತೀನಿ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಿನಲ್ಲಿ ಕ್ಯಾಲ್ವರ್ಟನ್ ಎಂಬ ಹಳ್ಳಿಯಿದೆ. ಆ ಊರಿನ ವಿಲಿಯಂ ಲೀ ಎಂಬಾತ 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರವೊಂದನ್ನು ಮಾಡಿದ. ಕೈಯಲ್ಲಿ ಕಡ್ಡಿ ಹಿಡಿಯದೆ ಯಂತ್ರದಿಂದ ಹೆಣೆಯುವುದು ಶುರುವಾದದ್ದು ಅಲ್ಲಿಂದ. ಈ ಯಂತ್ರ ಹುಟ್ಟಿದ ಬಗೆಗೆ ತಲೆತಲಾಂತರದಿಂದ ಬಂದ ಒಂದು ಕಥೆಯಿದೆ. ಲೀ ಒಬ್ಬ ಹುಡುಗಿಯನ್ನು ಪ್ರೀತಿಸುತ್ತಿದ್ದನಂತೆ. ಅವಳ ಮನೆಗೆ ಹೋಗಿ, ಎದುರು ಕೂತು, ಮನಸ್ಸಿನ ಮಾತು ಹೇಳಬೇಕೆಂದು ಬಾಯಿ ತೆರೆದರೆ ಅವಳು ತಲೆಯೇ ಎತ್ತುತ್ತಿರಲಿಲ್ಲ. ಗಮನವೆಲ್ಲ ಕೈಯಲ್ಲಿದ್ದ ಕಾಲುಚೀಲದ ಮೇಲೆ. ಇನ್ನೊಂದು ದಿನ ಹೋದ, ಅದೇ ಕಥೆ. ಮತ್ತೊಂದು ದಿನ ಹೋದ, ಕಾಲುಚೀಲ ಹಿಮ್ಮಡಿಯವರೆಗೆ ಬಂದಿತ್ತೇ ಹೊರತು ಮಾತು ಮುಂದೆ ಹೋಗಿರಲಿಲ್ಲ. ಕೊನೆಗೆ ಸಿಟ್ಟಿಗೆದ್ದು, ಈ ಹೆಣಿಗೆಯನ್ನೇ ಲೋಕದಿಂದ ಇಲ್ಲವಾಗಿಸುತ್ತೇನೆ ಎಂದು ಹಟ ತೊಟ್ಟು ಯಂತ್ರ ಕಟ್ಟಲು ಕೂತ.

ಕಥೆಗೆ ಇನ್ನೊಂದು ಪಾಠವೂ ಇದೆ. ಅದರಲ್ಲಿ ಲೀ ಕೇಂಬ್ರಿಜ್‌ನ ವಿದ್ವಾಂಸ. ಆ ಕಾಲದಲ್ಲಿ ಮದುವೆಯಾದ ವಿದ್ವಾಂಸರಿಗೆ ಕಾಲೇಜಿನಲ್ಲಿ ಜಾಗವಿರಲಿಲ್ಲ. ಇವನು ಪ್ರೀತಿಸಿ ಮದುವೆಯಾಗಿ ಕೆಲಸ ಕಳೆದುಕೊಂಡ. ಹೆಂಡತಿ ಕಾಲುಚೀಲ ಹೆಣೆದು ಸಂಸಾರ ಸಾಗಿಸತೊಡಗಿದಳು, ಇವನು ಎದುರು ಕೂತು ಅವಳ ಬೆರಳುಗಳನ್ನೇ ನೋಡುತ್ತಿದ್ದ, ನೋಡುತ್ತ ನೋಡುತ್ತ ಯಂತ್ರ ಹೊಳೆಯಿತು. ಆಲ್ಫ್ರೆಡ್ ಎಲ್‌ಮೋರ್ ಎಂಬ ಚಿತ್ರಕಾರ 1847ರಲ್ಲಿ ಪ್ರದರ್ಶಿಸಿದ ಒಂದು ಪ್ರಸಿದ್ಧ ಚಿತ್ರಕ್ಕೆ ವಸ್ತು ಇದೇ. ಎರಡು ಪಾಠಗಳಲ್ಲಿ ನೀವು ಯಾವುದನ್ನಾದರೂ ಒಪ್ಪಿ, ದೃಶ್ಯ ಮಾತ್ರ ಒಂದೇ: ಹೆಂಗಸು ಕೆಲಸ ಮಾಡುತ್ತಿದ್ದಾಳೆ, ಗಂಡಸು ಸುಮ್ಮನೆ ಕೂತು ನೋಡುತ್ತಿದ್ದಾನೆ. ಚರಿತ್ರೆಯಲ್ಲಿ ಹೆಸರು ಉಳಿದದ್ದು ಕೂತು ನೋಡಿದವನದು.

ಹೆಣಿಗೆಯ ಹುಚ್ಚಿನ ಬಗ್ಗೆ ಇರುವ ನಗೆಚಾಟಿಕೆಗಳಲ್ಲಿ ನಾನು ಕಂಡಂತೆ ಇದೇ ಅತ್ಯಂತ ಹಳೆಯದು. ನಮ್ಮ ಮನೆಗಳಲ್ಲೂ ಇದರ ಮರಿಗಳು ಓಡಾಡುತ್ತವೆ. ಉಲ್ಲನ್ ಕಡ್ಡಿ ಹಿಡಿದ ಚಿಕ್ಕಮ್ಮನನ್ನು ಊಟಕ್ಕೆ ಕರೆದರೆ ‘ಈ ಸಾಲು ಮುಗಿಸಿ ಬರ್ತೀನಿ’ ಎಂಬ ಉತ್ತರ ಬರುತ್ತದೆ. ಆ ಸಾಲು ಮುಗಿಯುವಷ್ಟರಲ್ಲಿ ಸಾರು ತಣ್ಣಗಾಗಿರುತ್ತದೆ. ‘ಕುಕ್ಕರ್ ಎಷ್ಟು ಸಲ ಕೂಗ್ತು ಚಿಕ್ಕಮ್ಮಾ?’ ಎಂದು ಕೇಳಿದರೆ ‘ನಲವತ್ತೆರಡು’ ಎನ್ನುತ್ತಾಳೆ. ಅದು ಕುಕ್ಕರಿನ ಲೆಕ್ಕವಲ್ಲ, ಕಡ್ಡಿಯ ಮೇಲಿರುವ ಕುಣಿಕೆಗಳ ಲೆಕ್ಕ. ನಾವು ನಗುತ್ತೇವೆ. ಆದರೆ ಕ್ಯಾಲ್ವರ್ಟನ್ನಿನ ಆ ಹುಡುಗಿ ತಲೆ ಎತ್ತದೆ ಇದ್ದದ್ದು ಯಾಕೆ ಎಂದು ಕೇಳಿಕೊಂಡರೆ ಈ ನಗೆಯ ಚರಿತ್ರೆ ಬೇರೆ ದಾರಿ ಹಿಡಿಯುತ್ತದೆ.

ಮೊದಲಿಗೆ ಹೆಣಿಗೆ ಎಂದರೇನು ನೋಡೋಣ. ಕನ್ನಡದಲ್ಲಿ ನಾವು ಜಡೆಯನ್ನೂ ಹೆಣೆಯುತ್ತೇವೆ, ಬುಟ್ಟಿಯನ್ನೂ ಹೆಣೆಯುತ್ತೇವೆ, ಕಥೆಯನ್ನೂ ಹೆಣೆಯುತ್ತೇವೆ. ಆದರೆ ನೇಯುವುದು ಬೇರೆ. ನೇಯಲು ಮಗ್ಗ ಬೇಕು, ಮಗ್ಗಕ್ಕೆ ಗುಂಡಿ ಬೇಕು, ಮನೆಯಲ್ಲಿ ಅದಕ್ಕೊಂದು ಜಾಗ ಬೇಕು. ನೇಕಾರ ಮಗ್ಗದ ಬಳಿಗೆ ಹೋಗಬೇಕು. ಉಣ್ಣೆಯ ಹೆಣಿಗೆಗೆ ಎರಡೋ ನಾಲ್ಕೋ ಕಡ್ಡಿ, ಒಂದು ಉಂಡೆ ದಾರ ಸಾಕು. ಅದು ಹೆಣೆಯುವವಳ ಜೊತೆಗೇ ಬರುತ್ತದೆ. ಕುರಿಯ ಹಿಂದೆ, ಸಂತೆಗೆ, ಬಾವಿಕಟ್ಟೆಗೆ, ಪಕ್ಕದ ಮನೆಯ ಹರಟೆಗೆ. ಕೈ ಪಳಗಿದ ಮೇಲೆ ಕಣ್ಣೂ ಬೇಕಿಲ್ಲ. ಹಾಗಾಗಿ ಬೇರೆ ಕೆಲಸಗಳ ನಡುವೆ ಯಾರೂ ಲೆಕ್ಕಕ್ಕೆ ಹಿಡಿಯದ ಐದು ನಿಮಿಷ, ಹತ್ತು ನಿಮಿಷಗಳಲ್ಲಿ ಒಂದು ಸಂಪಾದನೆ ಹುಟ್ಟಿಕೊಂಡಿತು. ನಮ್ಮ ದಕ್ಷಿಣ ಕನ್ನಡದಲ್ಲಿ ಹೆಂಗಸರು ಜಗಲಿಯಲ್ಲಿ ಕೂತು ಮಾತಾಡುತ್ತಲೇ ಬೀಡಿ ಕಟ್ಟುತ್ತಿದ್ದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಡಿ ಕಟ್ಟುವವಳು ಮಾತಿಗೆ ತಲೆಯಾಡಿಸುತ್ತಾಳೆ, ನಗುತ್ತಾಳೆ, ಆದರೆ ಬೆರಳು ನಿಲ್ಲಿಸುವುದಿಲ್ಲ. ಸಾವಿರಕ್ಕೆ ಇಷ್ಟು ಎಂದು ಕೂಲಿ ಗೊತ್ತಾಗಿರುವಾಗ ಬೆರಳು ನಿಂತರೆ ನಷ್ಟ ಯಾರಿಗೆ?

16ನೇ ಶತಮಾನದ ಇಂಗ್ಲೆಂಡಿನಲ್ಲಿ ಹೆಣಿಗೆ ಎಂದರೆ ಹೊಟ್ಟೆಪಾಡು. ಅದನ್ನು ಉಳಿಸಲು ಸರ್ಕಾರ ಮಾಡಿದ ಕೆಲಸಗಳೂ ನಗೆ ತರಿಸುವಂಥವೇ. ಉಣ್ಣೆಯಲ್ಲಿ ಹೆಣೆದು ಬಿಗಿಗೊಳಿಸಿದ ಟೋಪಿಗಳ ಫ್ಯಾಷನ್ ಇಳಿದು ಟೋಪಿ ಮಾಡುವವರು ಕಂಗಾಲಾದಾಗ, ಒಂದನೇ ಎಲಿಜಬೆತ್ ರಾಣಿಯ ಪಾರ್ಲಿಮೆಂಟು 1571ರಲ್ಲಿ ಒಂದು ಕಾಯಿದೆ ತಂದಿತು. ಆರು ವರ್ಷ ದಾಟಿದ ಪ್ರತಿಯೊಬ್ಬರೂ ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಇಂಗ್ಲೆಂಡಿನಲ್ಲೇ ತಯಾರಾದ ಉಣ್ಣೆಯ ಟೋಪಿ ಹಾಕಲೇಬೇಕು, ತಪ್ಪಿದರೆ ದಂಡ. ದೊಡ್ಡ ಮನೆತನದವರಿಗೆ ವಿನಾಯಿತಿ. ನಮ್ಮಲ್ಲಿ ಹಸುಗೂಸಿಗೆ ಕುಲಾವಿ ಹಾಕುವುದನ್ನು ಅಜ್ಜಿಯರು ಕಾಯಿದೆಯಂತೆಯೇ ಪಾಲಿಸುತ್ತಾರೆ, ನಿಜ. ಆದರೆ ಮೀಸೆ ಬಂದವರಿಗೂ ಕುಲಾವಿ ಹಾಕಿಸಿದ ರಾಣಿ ಇವಳೊಬ್ಬಳೇ ಇರಬೇಕು. ಜನ ಕೇಳಲಿಲ್ಲ. 1597ರಲ್ಲಿ ಕಾಯಿದೆಯನ್ನು ರದ್ದು ಮಾಡಿದರು.

ಇಂಗ್ಲಿಷ್ ಕಾಲುವೆಯಲ್ಲಿರುವ ಜರ್ಸಿ ದ್ವೀಪದ್ದು ಇದರ ತಿರುಗುಮುರುಗು ಕಥೆ. ಅಲ್ಲಿಯ ಕಾಲುಚೀಲಗಳಿಗೆ ಎಷ್ಟು ಹೆಸರಿತ್ತೆಂದರೆ, 1587ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ತಲೆ ಕಡಿಯಲು ಕರೆದೊಯ್ದಾಗ ಅವಳು ತೊಟ್ಟಿದ್ದ ಬಿಳಿಯ ಜರ್ಸಿ ಕಾಲುಚೀಲಗಳನ್ನು ಆ ದಿನದ ವಿವರ ಬರೆದವರು ಮರೆಯದೆ ದಾಖಲಿಸಿದ್ದಾರೆ. ಈಗ ಕ್ರಿಕೆಟ್ ಆಟಗಾರರು ತೊಡುವ ಜರ್ಸಿಗೂ ಹೆಸರು ಕೊಟ್ಟದ್ದು ಈ ದ್ವೀಪವೇ. ಹೆಣಿಗೆಯಲ್ಲಿ ದುಡ್ಡು ಕಂಡ ದ್ವೀಪದ ಜನ ಹೊಲ ಬಿಟ್ಟರು. ಪೈರು ಕೊಯ್ಯುವವರಿಲ್ಲ, ಗೊಬ್ಬರಕ್ಕೆಂದು ಕಡಲಪಾಚಿ ಬಾಚಿ ತರುವವರಿಲ್ಲ, ಗಂಡಸರೂ ಹೆಂಗಸರೂ ಕಡ್ಡಿ ಹಿಡಿದು ಕೂತುಬಿಟ್ಟಿದ್ದಾರೆ. 17ನೇ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿಯ ಆಡಳಿತ, ಸುಗ್ಗಿಯ ಕಾಲದಲ್ಲೂ ಪಾಚಿ ತರುವ ಕಾಲದಲ್ಲೂ ಹದಿನೈದು ವರ್ಷ ದಾಟಿದವರು ಯಾರೂ ಹೆಣೆಯಕೂಡದು, ಹೆಣೆದರೆ ಸೆರೆವಾಸ ಎಂದು ಕಟ್ಟಳೆ ಮಾಡಬೇಕಾಯಿತು. ಹೆಣೆದ ಅಪರಾಧಕ್ಕೆ ಜೈಲಿಗೆ ಹೋದವನು ಒಳಗೆ ಪಕ್ಕದ ಕೈದಿಗೆ ಏನು ಹೇಳುತ್ತಿದ್ದನೋ!

ಈ ಜನಕ್ಕೆ ಇಂಗ್ಲಿಷಿನಲ್ಲಿ ಸಿಕ್ಕ ಅತ್ಯುತ್ತಮ ಬಿರುದು ಯಾರ್ಕ್‌ಶೈರ್ ಬೆಟ್ಟಗಳ ನಡುವಿನ ಡೆಂಟ್ ಕಣಿವೆಯವರದು: ‘ಡೆಂಟಿನ ಟೆರಿಬಲ್ ಹೆಣಿಗೆಯವರು.’ ಕವಿ ರಾಬರ್ಟ್ ಸೌದಿಯ ‘ದಿ ಡಾಕ್ಟರ್’ ಎಂಬ ದೊಡ್ಡ ಗ್ರಂಥದಲ್ಲಿ ಬಂದ ಒಂದು ಕಥೆಯಿಂದ ಈ ಹೆಸರು ಊರೂರಿಗೆ ಹಬ್ಬಿತು. ಇಂದಿನ ಇಂಗ್ಲಿಷ್ ಓದುಗರು ಇದನ್ನು ‘ಕೆಟ್ಟದಾಗಿ ಹೆಣೆಯುವವರು’ ಎಂದು ತಿಳಿದು ನಗುತ್ತಾರೆ. ಆ ಸೀಮೆಯ ಮಾತಿನಲ್ಲಿ ‘ಟೆರಿಬಲ್’ ಎಂದರೆ ಅಸಾಧ್ಯರು, ಎದುರಿಲ್ಲದವರು. ಕನ್ನಡಿಗರಿಗೆ ಇಲ್ಲಿ ಗೊಂದಲವೇ ಆಗುವುದಿಲ್ಲ. ‘ಭಯಂಕರ ಚೆನ್ನಾಗಿ ಹಾಡ್ತಾಳೆ’ ಎನ್ನುವ ನಾವು ಡೆಂಟಿನವರನ್ನು ಮೊದಲ ಸಲಕ್ಕೇ ಸರಿಯಾಗಿ ಅರ್ಥಮಾಡಿಕೊಳ್ಳುತ್ತೇವೆ. ಅವರು ಭಯಂಕರ ಹೆಣಿಗೆಯವರು.

ಹೇಗೆ ಭಯಂಕರ? ಸೊಂಟದ ಪಟ್ಟಿಗೆ ಮರದ ಒಂದು ಕೊಳವೆಯಂಥದನ್ನು ಸಿಕ್ಕಿಸಿ, ಒಂದು ಕಡ್ಡಿಯ ತುದಿಯನ್ನು ಅದರಲ್ಲಿ ನಿಲ್ಲಿಸಿ, ಮೈಯನ್ನು ಹಿಂದೆ ಮುಂದೆ ತೂಗುತ್ತ ಹೆಣೆಯುತ್ತಿದ್ದರು. ಕಡ್ಡಿಯ ಭಾರ ಕೈಗೆ ಬೀಳದೆ ಬೆರಳು ಓಡುತ್ತಿತ್ತು. ದನದ ಹಿಂದೆ ನಡೆಯುತ್ತ ಹೆಣೆದರು, ಕುದುರೆಯ ಮೇಲೆ ಕೂತು ಹೆಣೆದರು. ಚಳಿಗಾಲದ ರಾತ್ರಿಗಳಲ್ಲಿ ಒಂದೊಂದು ದಿನ ಒಂದೊಂದು ಮನೆಯಲ್ಲಿ ಸೇರುತ್ತಿದ್ದರು, ಬೆಂಕಿಯೂ ಬೆಳಕೂ ಎಲ್ಲರಿಗೂ ಒಂದೇ ಆಗಲಿ ಎಂದು. ಆ ಕಣಿವೆಯಲ್ಲೇ 1785ರಲ್ಲಿ ಹುಟ್ಟಿ ಮುಂದೆ ಕೇಂಬ್ರಿಜ್‌ನಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕನಾದ ಆಡಮ್ ಸೆಜ್‌ವಿಕ್ ಮುಪ್ಪಿನಲ್ಲಿ ಈ ಕೂಟಗಳನ್ನು ನೆನೆದು ಬರೆದಿದ್ದಾನೆ. ಹಾಡು, ಹರಟೆ, ಒಬ್ಬರು ಹಳೆಯ ಕಥೆ ಓದುವುದು, ಉಳಿದವರು ಕೇಳುತ್ತ ಹೆಣೆಯುವುದು. ಕಲ್ಲುಗಳ ವಯಸ್ಸು ಹೇಳುವ ಮನುಷ್ಯನಿಗೆ ಎಂಬತ್ತು ದಾಟಿದ ಮೇಲೂ ಆ ಕಡ್ಡಿಗಳ ಟಿಕ್‌ಟಿಕ್ ಕಿವಿಯಲ್ಲಿ ಉಳಿದಿತ್ತು.

ಸೊಂಟಕ್ಕೆ ಸಿಕ್ಕಿಸುವ ಆ ಮರದ ಕೊಳವೆಯ ಬಗ್ಗೆ ಇನ್ನೊಂದು ಮಾತಿದೆ. ಅವುಗಳಲ್ಲಿ ಎಷ್ಟೋ ಈಗ ಇಂಗ್ಲೆಂಡಿನ ವಸ್ತುಸಂಗ್ರಹಾಲಯಗಳಲ್ಲಿವೆ. ಹೃದಯದ ಆಕಾರ, ಹೆಸರಿನ ಮೊದಲಕ್ಷರಗಳು, ವರ್ಷ ಇವನ್ನೆಲ್ಲ ಚಾಕುವಿನ ತುದಿಯಲ್ಲಿ ಕೆತ್ತಿರುತ್ತಾರೆ. ಹುಡುಗರು ತಾವು ಮೆಚ್ಚಿದ ಹುಡುಗಿಗೆ ಮಾಡಿಕೊಡುತ್ತಿದ್ದ ಉಡುಗೊರೆ ಅದು. ವಿಲಿಯಂ ಲೀಗೆ ಇದು ಹೊಳೆಯಲಿಲ್ಲ, ನೋಡಿ. ಅವಳು ಹೆಣೆಯುತ್ತಲೇ ಇರುತ್ತಾಳೆ ಎಂದು ಒಪ್ಪಿಕೊಂಡ ಹುಡುಗ ಒಂದು ಮರದ ತುಂಡು ಕೆತ್ತಿ ಕೊಟ್ಟು ಅವಳ ಸೊಂಟದಲ್ಲೇ ಜಾಗ ಪಡೆದ.

ಆದರೆ ಡೆಂಟಿನ ಕಥೆಯಲ್ಲಿ ನಗೆಯೊಂದೇ ಇಲ್ಲ. ಸೌದಿಯ ಗ್ರಂಥದಲ್ಲಿರುವುದು ಇಬ್ಬರು ಪುಟ್ಟ ಅಕ್ಕತಂಗಿಯರ ಕಥೆ. ಲ್ಯಾಂಗ್‌ಡೇಲ್‌ನಿಂದ ಅವರನ್ನು ಹೆಣಿಗೆ ಕಲಿಯಲೆಂದು ಡೆಂಟಿಗೆ ಕಳಿಸುತ್ತಾರೆ. ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಹೆಣೆಯುವುದೇ ಕೆಲಸ. ಮನೆಯ ನೆನಪು ತಡೆಯಲಾರದೆ ಆ ಮಕ್ಕಳು ಚಳಿಗಾಲದಲ್ಲಿ ಯಾರಿಗೂ ಹೇಳದೆ ಹೊರಟು, ಬೆಟ್ಟದ ದಾರಿಯಲ್ಲಿ ನಡೆದು ಊರು ಸೇರುತ್ತಾರೆ. ಮುದುಕಿಯಾದ ಮೇಲೆ ಅವರಲ್ಲೊಬ್ಬಳು ಹೇಳಿದ ನೆನಪು ಅದು. ‘ಭಯಂಕರ’ ಎಂಬ ಮಾತಿಗೆ ನಾವು ಮರೆತ ಹಳೆಯ ಅರ್ಥವೂ ಆ ಮಕ್ಕಳಿಗೆ ಗೊತ್ತಿತ್ತು.

ಕೈಬಿಡುವಿಲ್ಲದ ಹೆಣಿಗೆಯ ಅತ್ಯಂತ ವಿಚಿತ್ರ ಚಿತ್ರ ಇರುವುದು ಮಾತ್ರ ಇಂಗ್ಲೆಂಡಿನಲ್ಲಲ್ಲ, ನೈಋತ್ಯ ಫ್ರಾನ್ಸಿನ ಲಾಂಡ್ ಎಂಬ ಬಯಲಿನಲ್ಲಿ. ಅದು ಮಳೆಗಾಲದಲ್ಲಿ ನೀರು ನಿಲ್ಲುವ, ಪೊದೆ ತುಂಬಿದ ಸಪಾಟು ನೆಲ. ಕುರಿ ಕಾಯುವವರು ಮರಗಾಲು ಕಟ್ಟಿಕೊಂಡೇ ಓಡಾಡುತ್ತಿದ್ದರು, ಕಾಲು ಒದ್ದೆಯಾಗದು, ದೂರದ ಕುರಿಯೂ ಕಾಣುತ್ತದೆ. ಬೆನ್ನ ಹಿಂದೆ ಒಂದು ಉದ್ದ ಕೋಲನ್ನು ಊರಿ ಅದಕ್ಕೆ ಒರಗಿದರೆ ಮೂರು ಕಾಲಿನ ಸ್ಟೂಲಿನ ಹಾಗೆ ಆಕಾಶದಲ್ಲಿ ಕೂತಂತೆ. ಅಲ್ಲಿ ಕೂತು ಏನು ಮಾಡುತ್ತಿದ್ದರು? ಕಾಲುಚೀಲ ಹೆಣೆಯುತ್ತಿದ್ದರು. ಗಂಡಸರು, ಕುರಿತೊಗಲಿನ ಅಂಗಿ ತೊಟ್ಟವರು. ನೆಲ ಮುಟ್ಟದ ಕಾಲಿಗೆ ಕಾಲುಚೀಲ! 19ನೇ ಶತಮಾನದ ಪ್ರವಾಸಿಗರು ಇವರನ್ನು ನೋಡಲೆಂದೇ ಹೋಗುತ್ತಿದ್ದರು, ಇವರ ಚಿತ್ರವಿರುವ ಪೋಸ್ಟ್‌ಕಾರ್ಡುಗಳು ಮಾರಾಟವಾದವು. ಅಷ್ಟರಲ್ಲಿ 1857ರ ಕಾನೂನಿನಿಂದ ಆ ಬಯಲಿನ ನೀರು ಬಸಿದು ಪೈನ್ ಮರ ನೆಡುವ ಕೆಲಸ ಶುರುವಾಗಿತ್ತು. ಕಾಡು ಬೆಳೆಯಿತು, ಕುರಿ ಹೋದವು, ಮರಗಾಲು ಜಾತ್ರೆಯ ಆಟವಾಯಿತು.

ಲೀಯ ಯಂತ್ರಕ್ಕೆ ವಾಪಸು ಬರೋಣ. ಕೈಯಲ್ಲಿ ಹೆಣೆಯುವಾಗ ಒಂದು ಸಾಲಿನ ಎಲ್ಲ ಕುಣಿಕೆಗಳೂ ಒಂದೇ ಕಡ್ಡಿಯ ಮೇಲೆ ಸರತಿಯಲ್ಲಿ ನಿಂತಿರುತ್ತವೆ. ಒಂದೊಂದಾಗಿ ಇನ್ನೊಂದು ಕಡ್ಡಿಗೆ ದಾಟುತ್ತವೆ. ಹುಡುಗಿಯ ಬೆರಳನ್ನೇ ನೋಡುತ್ತ ಕೂತ ಲೀಗೆ ಹೊಳೆದದ್ದು ಇಷ್ಟು: ಪ್ರತಿ ಕುಣಿಕೆಗೂ ಅದರದೇ ಆದ ಒಂದು ಕೊಕ್ಕೆ ಕೊಟ್ಟರೆ ಇಡೀ ಸಾಲು ಒಂದೇ ಏಟಿಗೆ ಮುಗಿಯುತ್ತದೆ. ಬಹಳ ದೊಡ್ಡ ಹೊಳಹು ಅದು. ಮುಂದಿನ ಇನ್ನೂರು ವರ್ಷಗಳ ಹೆಣಿಗೆ ಉದ್ಯಮ ನಿಂತದ್ದು ಅದರ ಮೇಲೆ. ಆದರೆ ಅವನಿಗೆ ಅದರಿಂದ ಸುಖ ಸಿಗಲಿಲ್ಲ. ರಾಣಿ ಎಲಿಜಬೆತ್, ಇದರಿಂದ ನನ್ನ ಬಡ ಪ್ರಜೆಗಳ ಅನ್ನ ಹೋಗುತ್ತದೆ ಎಂದು ಪೇಟೆಂಟ್ ಕೊಡಲು ಒಪ್ಪಲಿಲ್ಲವೆಂಬುದು ಪ್ರಚಲಿತ ಕಥೆ. ಲೀ ಫ್ರಾನ್ಸಿಗೆ ಹೋದ. ಅಲ್ಲಿ ಆಸರೆ ಕೊಟ್ಟ ನಾಲ್ಕನೇ ಹೆನ್ರಿ ದೊರೆ 1610ರಲ್ಲಿ ಕೊಲೆಯಾದ. ಕೆಲವೇ ವರ್ಷಗಳಲ್ಲಿ ಲೀ ಪ್ಯಾರಿಸ್‌ನಲ್ಲಿ ತೀರಿಕೊಂಡ. ಯಂತ್ರಗಳನ್ನು ಇಂಗ್ಲೆಂಡಿಗೆ ಮರಳಿ ತಂದವನು ಅವನ ತಮ್ಮ ಜೇಮ್ಸ್.

ಯಂತ್ರದಲ್ಲಿ ಹೆಣೆಯುವವರು 1657ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಅದರ ಲಾಂಛನದಲ್ಲಿ ನಡುವೆ ಯಂತ್ರ, ಒಂದು ಪಕ್ಕ ನಿಲುವಂಗಿ ತೊಟ್ಟ ವಿದ್ವಾಂಸ, ಇನ್ನೊಂದು ಪಕ್ಕ ಕೈಯಲ್ಲಿ ಹೆಣಿಗೆ ಕಡ್ಡಿ ಹಿಡಿದ ಹೆಂಗಸು. ಅವಳ ಕೆಲಸ ಕಿತ್ತುಕೊಂಡ ಯಂತ್ರದ ಪಕ್ಕದಲ್ಲೇ ಅವಳನ್ನು ಶಾಶ್ವತವಾಗಿ ನಿಲ್ಲಿಸಿಬಿಟ್ಟರು. ಇತಿಹಾಸಕ್ಕೆ ಹಾಸ್ಯಪ್ರಜ್ಞೆ ಇಲ್ಲ ಎನ್ನುವವರು ಈ ಲಾಂಛನವನ್ನು ನೋಡಬೇಕು. ಹಾಗೆಂದು ಯಂತ್ರದ ಮುಂದೆ ಕೂತವರು ಸುಖಪಟ್ಟರೆ ಎಂದರೆ ಅದೂ ಇಲ್ಲ. ಯಂತ್ರ ಒಡೆಯನದು, ಅದಕ್ಕೆ ವಾರಕ್ಕಿಷ್ಟು ಎಂದು ಬಾಡಿಗೆ ಕಟ್ಟಬೇಕು. ಕಾಲುಚೀಲದವನಷ್ಟು ಬಡವ ಎಂಬುದು ಆ ಸೀಮೆಯ ಗಾದೆಯೇ ಆಯಿತು. 1811ರಲ್ಲಿ ನಾಟಿಂಗ್‌ಹ್ಯಾಮ್‌ಶೈರಿನಲ್ಲಿ ರಾತ್ರಿ ಹೊತ್ತು ಸುತ್ತಿಗೆ ಹಿಡಿದು ಹೊರಟ ಲಡ್ಡೈಟರು ಮೊದಲು ಒಡೆದದ್ದು ಈ ಯಂತ್ರಗಳನ್ನೇ. ಯಂತ್ರ ಒಡೆದವರಿಗೆ ಮರಣದಂಡನೆ ಎಂಬ ಮಸೂದೆ ಬಂದಾಗ ಅದನ್ನು ವಿರೋಧಿಸಿ ಕವಿ ಬೈರನ್ 1812ರ ಫೆಬ್ರವರಿಯಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ತನ್ನ ಮೊದಲ ಭಾಷಣ ಮಾಡಿದ. ಮಸೂದೆ ಪಾಸಾಯಿತು.

ಯಂತ್ರ ಬಂದ ಮೇಲೆ ಕೈಹೆಣಿಗೆಯಿಂದ ಹೊಟ್ಟೆ ಹೊರೆಯುವುದು ಬರಬರುತ್ತ ಅಸಾಧ್ಯವಾಯಿತು. ಬಡವರ ಕೈಯಿಂದ ಕಡ್ಡಿ ಜಾರಿ ಬಿಡುವಿರುವ ಹೆಂಗಸರ ಕೈಗೆ ಬಂತು. ನಗೆಯೂ ಬದಲಾಯಿತು. ದುಡಿಯುವವಳು ತಲೆ ಎತ್ತದಿದ್ದರೆ ಅದು ಹಟ ಅನ್ನಿಸಿತ್ತು, ಬಿಡುವಿರುವವಳು ತಲೆ ಎತ್ತದಿದ್ದರೆ ಅದು ಗೀಳು ಅನ್ನಿಸಿತು. ಜೊತೆಗೆ ಒಂದು ಅನುಮಾನವೂ ಹುಟ್ಟಿತು: ಸುಮ್ಮನೆ ಕೂತು ಕಡ್ಡಿಯಾಡಿಸುವ ಈ ಹೆಂಗಸು ಮನಸ್ಸಿನಲ್ಲಿ ಏನನ್ನು ಲೆಕ್ಕ ಹಾಕುತ್ತಿದ್ದಾಳೆ? ಫ್ರಾನ್ಸಿನ ಕ್ರಾಂತಿಯ ದಿನಗಳಲ್ಲಿ ಪ್ಯಾರಿಸ್‌ನ ಸಾಮಾನ್ಯ ಹೆಂಗಸರು ರಾಜಕೀಯ ಸಭೆಗಳ ಗ್ಯಾಲರಿಯಲ್ಲಿ ಕೂತು, ಕೈಯಲ್ಲಿ ಹೆಣೆಯುತ್ತ ಭಾಷಣ ಕೇಳುತ್ತಿದ್ದರು, ಬೇಡವಾದದ್ದಕ್ಕೆ ಕೂಗು ಹಾಕುತ್ತಿದ್ದರು. ಮುಂದಿನವರ ಕಲ್ಪನೆಯಲ್ಲಿ ಅವರು ಸಭೆಯಿಂದ ಎದ್ದು ಗಿಲೋಟಿನ್ನಿನ ಬುಡಕ್ಕೆ ಬಂದು ಕೂತರು. 1859ರಲ್ಲಿ ಡಿಕನ್ಸ್ ‘ಎ ಟೇಲ್ ಆಫ್ ಟೂ ಸಿಟೀಸ್’ ಕಾದಂಬರಿಯಲ್ಲಿ ಸಾಯಬೇಕಾದವರ ಹೆಸರುಗಳನ್ನೇ ಹೆಣಿಗೆಯೊಳಗೆ ದಾಖಲಿಸುವ ಮದಾಮ್ ಡಿಫಾರ್ಜ್‌ಳನ್ನು ಸೃಷ್ಟಿಸಿದ ಮೇಲಂತೂ ಆ ಚಿತ್ರ ಅಳಿಸಲಾರದಂತೆ ನಿಂತಿತು.

ಈ ಅನುಮಾನ ಸರ್ಕಾರಿ ಕಚೇರಿಯವರೆಗೂ ಹೋಯಿತು. ಎರಡನೇ ಮಹಾಯುದ್ಧದಲ್ಲಿ ಅಂಚೆ ತಪಾಸಣೆ ಮಾಡುತ್ತಿದ್ದ ಅಮೆರಿಕದ ಅಧಿಕಾರಿಗಳಿಗೆ ಹೆಣಿಗೆಯ ಸೂಚನೆಗಳನ್ನು ಕಂಡರೆ ತಲೆನೋವು. ಎರಡು ಸೀದಾ, ಒಂದು ಉಲ್ಟಾ, ಮೂರು ಸೀದಾ, ಒಂದು ಬಿಡು ಎಂದು ಪುಟಗಟ್ಟಲೆ ಬರೆದಿದ್ದರೆ ಅದು ಸ್ವೆಟರೋ ಶತ್ರುವಿನ ಸಂಕೇತವೋ ಹೇಗೆ ತಿಳಿಯುವುದು? ಗೂಢಲಿಪಿಗಳ ಚರಿತ್ರೆ ಬರೆದ ಡೇವಿಡ್ ಕಾನ್ ಹೇಳುವ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಅಂಥ ಒಂದು ಕಾಗದವನ್ನು ತಡೆಹಿಡಿದು, ಪರಿಶೀಲಕರೊಬ್ಬರು ಅದರಲ್ಲಿದ್ದಂತೆಯೇ ಹೆಣೆದು ನೋಡಿ, ಅದು ನಿಜವಾಗಿಯೂ ಸ್ವೆಟರೇ ಎಂದು ಖಾತ್ರಿಯಾದ ಮೇಲೆ ಮುಂದೆ ಕಳಿಸಿದರಂತೆ. ಯುದ್ಧದ ಕಾಲದಲ್ಲಿ ಸರ್ಕಾರಿ ಸಂಬಳದಲ್ಲಿ ಸ್ವೆಟರ್ ಹೆಣೆಯುವ ಭಾಗ್ಯ ಯಾರಿಗುಂಟು!

ಅನುಮಾನ ಪೂರ್ತಿ ಸುಳ್ಳೂ ಅಲ್ಲ. 1944ರ ಮೇ ತಿಂಗಳಲ್ಲಿ ಫಿಲಿಸ್ ಲಟೂರ್ ಎಂಬ ತರುಣಿ ಬ್ರಿಟನ್ನಿನ ಗೂಢಚಾರಿಣಿಯಾಗಿ ನಾರ್ಮಂಡಿಯಲ್ಲಿ ಪ್ಯಾರಾಚೂಟಿನಿಂದ ಇಳಿದಳು. ಸಾಬೂನು ಮಾರುವ ಹಳ್ಳಿಹುಡುಗಿಯಂತೆ ಸೈಕಲ್ಲಿನಲ್ಲಿ ತಿರುಗಿ ಜರ್ಮನ್ ಪಡೆಗಳ ಸುದ್ದಿ ಕಳಿಸುತ್ತಿದ್ದಳು. ಅವಳ ಸಂಕೇತಗಳೆಲ್ಲ ಒಂದು ರೇಷ್ಮೆ ತುಂಡಿನ ಮೇಲಿದ್ದವು. ಅದನ್ನು ಒಂದು ಹೆಣಿಗೆ ಕಡ್ಡಿಗೆ ಸುತ್ತಿ, ಕೂದಲು ಕಟ್ಟುವ ಲಾಡಿಯೊಳಗೆ ತೂರಿಸಿ ಜಡೆಯಲ್ಲೇ ಇಟ್ಟುಕೊಂಡಿದ್ದಳು. ಒಮ್ಮೆ ಜರ್ಮನ್ನರು ತಪಾಸಣೆ ಮಾಡಿದಾಗ ಲಾಡಿ ಬಿಚ್ಚಿ ಕೂದಲು ಕೆದರಿ ತೋರಿಸಿದಳು, ಅವರಿಗೆ ಏನೂ ಸಿಗಲಿಲ್ಲ. ನೂರಕ್ಕೂ ಹೆಚ್ಚು ಸಂದೇಶ ಕಳಿಸಿ ಬದುಕಿ ಬಂದ ಆಕೆ 2023ರಲ್ಲಿ, 102ನೇ ವಯಸ್ಸಿನಲ್ಲಿ ನ್ಯೂಜಿಲೆಂಡಿನಲ್ಲಿ ತೀರಿಕೊಂಡರು.

ಯುದ್ಧಗಳು ಹೆಣಿಗೆಯ ಹುಚ್ಚಿಗೆ ದೇಶಭಕ್ತಿಯ ಪರವಾನಗಿ ಕೊಟ್ಟವು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಹೆಂಗಸರು, ಮಕ್ಕಳು, ಮುದುಕರು ಸೈನಿಕರಿಗೆಂದು ಕಾಲುಚೀಲ ಹೆಣೆದದ್ದೇ ಹೆಣೆದದ್ದು. ಅಧ್ಯಕ್ಷ ವಿಲ್ಸನ್ ಶ್ವೇತಭವನದ ಹುಲ್ಲುಹಾಸಿನಲ್ಲಿ ಕುರಿ ಮೇಯಿಸಿದ, ಅವುಗಳ ಉಣ್ಣೆಯನ್ನು ರೆಡ್ ಕ್ರಾಸ್‌ಗಾಗಿ ಹರಾಜು ಹಾಕಿದರು. ಕಲಿತವರು, ಕಲಿಯದವರು ಎಲ್ಲರೂ ಕಡ್ಡಿ ಹಿಡಿದ ಮೇಲೆ ಕಂದಕಗಳಿಗೆ ತಲುಪಿದ್ದು ಎಂಥ ಕಾಲುಚೀಲಗಳು ಎಂದು ಊಹಿಸಬಹುದು. ಜೋಡಿಯಲ್ಲಿ ಒಂದು ತಲೆಗೆ ಟೋಪಿಯಾಯಿತು, ಇನ್ನೊಂದು ಕೈಗವಸಾಯಿತು ಎಂಬ ಧಾಟಿಯ ತಮಾಷೆ ಸೈನಿಕರಲ್ಲಿ ಹರಿದಾಡಿತು. ಕಾಲುಚೀಲದ ಬೆರಳತುದಿಯನ್ನು ಗಂಟು ಬಾರದಂತೆ ಕೂಡಿಸುವ ಒಂದು ವಿಧಾನವಿದೆ, ಅದಕ್ಕೆ ಕಿಚನರ್ ಎಂದೇ ಹೆಸರು. 1902ರಿಂದ 1909ರವರೆಗೆ ಭಾರತದಲ್ಲಿ ಸೇನಾಧಿಪತಿಯಾಗಿದ್ದು, ಮುಂದೆ ಬ್ರಿಟನ್ನಿನ ಯುದ್ಧಮಂತ್ರಿಯಾಗಿ, ದಪ್ಪ ಮೀಸೆಯೊಂದಿಗೆ ಬೆರಳು ತೋರಿಸುತ್ತ ಸೇನೆಗೆ ಕರೆದ ಆ ಲಾರ್ಡ್ ಕಿಚನರ್ ಇವನೇ. ಸಾಮ್ರಾಜ್ಯ ಹೋಯಿತು. ಈಗ ಅವನ ಹೆಸರನ್ನು ದಿನವೂ ಹೇಳುವವರು ಬಹುಶಃ ಕಾಲುಚೀಲ ಹೆಣೆಯುವವರು ಮಾತ್ರ, ಅದೂ ಹೆಚ್ಚಾಗಿ ಬಯ್ಯುತ್ತ. ಏಕೆಂದರೆ ಆ ವಿಧಾನ ಬಲು ಕಿರಿಕಿರಿಯದು.

ಇಷ್ಟು ದಿನ ಹೊರಗಿನವರು ನಕ್ಕಿದ್ದರು. 20ನೇ ಶತಮಾನದ ಉತ್ತರಾರ್ಧದಲ್ಲಿ ಹೆಣೆಯುವವರೇ ನಗತೊಡಗಿದರು. ಇದರಲ್ಲಿ ದೊಡ್ಡ ಹೆಸರು ಎಲಿಜಬೆತ್ ಜಿಮ್ಮರ್‌ಮನ್ (1910–1999). ಇಂಗ್ಲೆಂಡಿನಲ್ಲಿ ಹುಟ್ಟಿ, ಜರ್ಮನಿಯ ಬಿಯರ್ ತಯಾರಕನೊಬ್ಬನನ್ನು ಮದುವೆಯಾಗಿ ಅಮೆರಿಕಕ್ಕೆ ಹೋದವರು. ಗಂಡ ಮೋಟಾರುಬೈಕು ಓಡಿಸುತ್ತಿದ್ದರೆ ಹಿಂದೆ ಕೂತು ಹೆಣೆಯುತ್ತಿದ್ದರು. 1971ರಲ್ಲಿ ಬಂದ ಅವರ ಪುಸ್ತಕದ ಹೆಸರನ್ನು ‘ಕಣ್ಣೀರಿಲ್ಲದೆ ಹೆಣಿಗೆ’ ಎನ್ನಬಹುದು. ಅಚ್ಚಾದ ಸೂಚನೆಗಳನ್ನು ಕುರುಡಾಗಿ ಅನುಸರಿಸಬೇಡಿ, ಎದೆಯ ಸುತ್ತಳತೆಯ ಕುಣಿಕೆಗಳನ್ನು ನೂರು ಎಂದಿಟ್ಟುಕೊಂಡು ತೋಳಿಗೆಷ್ಟು, ಕುತ್ತಿಗೆಗೆಷ್ಟು ಎಂದು ಶೇಕಡಾ ಲೆಕ್ಕ ಹಾಕಿ, ನಿಮ್ಮ ಸ್ವೆಟರಿಗೆ ನೀವೇ ಯಜಮಾನರು ಎಂದು ಹೇಳಿಕೊಟ್ಟರು. ‘ನಲವತ್ತೆರಡು’ ಎನ್ನುವ ಚಿಕ್ಕಮ್ಮ ಗಣಿತ ಮಾಡುತ್ತಿದ್ದಾಳೆ ಎಂದು ಮೊದಲು ಬಾಯಿಬಿಟ್ಟು ಹೇಳಿದವರು ಇವರು ಅನ್ನಿಸುತ್ತದೆ.

ಈಗ ಹೆಣೆಯುವವರ ನಡುವೆ ಅವರದೇ ಒಂದು ನಗೆಯ ನಿಘಂಟು ಇದೆ. ಪ್ರೇಮಿಗೆ ಸ್ವೆಟರ್ ಹೆಣೆಯಲು ಹೊರಟರೆ ಅದು ಮುಗಿಯುವ ಮೊದಲೇ ಪ್ರೇಮ ಮುಗಿಯುತ್ತದೆ ಎಂಬುದು ‘ಸ್ವೆಟರ್ ಶಾಪ’. ಬದುಕಿರುವವರೆಗೆ ಹೆಣೆದರೂ ಮುಗಿಯದಷ್ಟು ಉಣ್ಣೆ ಕೂಡಿಟ್ಟ ಸ್ಥಿತಿಗೂ ಒಂದು ಹೆಸರುಂಟು. ತಪ್ಪಿದ್ದನ್ನು ಬಿಚ್ಚಿಹಾಕುವುದಕ್ಕೆ ‘ಕಪ್ಪೆ’ಯ ಹೆಸರು, ಏಕೆಂದರೆ ಇಂಗ್ಲಿಷಿನಲ್ಲಿ ‘ರಿಪ್ ಇಟ್, ರಿಪ್ ಇಟ್’ ಎಂದರೆ ಹರಿದುಹಾಕು ಎಂದೂ ಆಗುತ್ತದೆ, ಅಲ್ಲಿಯ ಕಪ್ಪೆ ಕೂಗಿದಂತೆಯೂ ಕೇಳುತ್ತದೆ. ನಮ್ಮ ಕಪ್ಪೆಗಳು ವಟವಟ ಎನ್ನುವುದರಿಂದ ಈ ಹಾಸ್ಯ ಕನ್ನಡಕ್ಕೆ ಬರುವುದಿಲ್ಲ. ಬಿಚ್ಚುವ ಸಂಕಟ ಮಾತ್ರ ಬರುತ್ತದೆ.

ತಪ್ಪಿದ ಕುಣಿಕೆ ಎಂದಾಗ ಒಂದು ನಾಟಕ ನೆನಪಾಗುತ್ತದೆ. ಜೆ. ಎಂ. ಸಿಂಜ್‌ನ ‘ರೈಡರ್ಸ್ ಟು ದ ಸೀ’ 1904ರಲ್ಲಿ ಮೊದಲು ರಂಗಕ್ಕೆ ಬಂತು. ಐರ್ಲೆಂಡಿನ ಅರಾನ್ ದ್ವೀಪದಲ್ಲಿ ಕಡಲಿಗೆ ಹೋದ ಅಣ್ಣ ಮರಳಿಲ್ಲ. ದೂರದ ತೀರದಲ್ಲಿ ಸಿಕ್ಕ ಹೆಣದ ಮೇಲಿದ್ದ ಬಟ್ಟೆಯ ಗಂಟು ತಂಗಿಯರ ಕೈಗೆ ಬರುತ್ತದೆ. ಅಂಗಿಯಿಂದ ಖಚಿತವಾಗುವುದಿಲ್ಲ, ಅಂಥ ಬಟ್ಟೆ ಎಲ್ಲರ ಬಳಿಯೂ ಇದೆ. ಕಾಲುಚೀಲವನ್ನು ಎಣಿಸಿ ನೋಡಿದ ತಂಗಿಗೆ ಗೊತ್ತಾಗುತ್ತದೆ. ಎಷ್ಟು ಕುಣಿಕೆ ಹಾಕಿದ್ದೆ, ಅದರಲ್ಲಿ ನಾಲ್ಕು ಬಿಟ್ಟಿದ್ದೆ ಎಂಬುದು ಅವಳಿಗೆ ನೆನಪಿದೆ. ಅಣ್ಣ ಸತ್ತ ಸುದ್ದಿ ಅವಳದೇ ಹಳೆಯ ತಪ್ಪಿನ ಮೂಲಕ ಬರುತ್ತದೆ. ಎಣಿಸುವ ಹುಚ್ಚನ್ನು ನೋಡಿ ನಗುವ ನನ್ನಂಥವರು ಆ ಜಾಗದಲ್ಲಿ ಸುಮ್ಮನಾಗುತ್ತೇವೆ.

ಅರಾನ್ ಸ್ವೆಟರಿಗೆ ಪ್ರತಿ ಮನೆತನಕ್ಕೂ ಒಂದೊಂದು ವಿನ್ಯಾಸ, ಮುಳುಗಿದ ಬೆಸ್ತರನ್ನು ಅದರಿಂದ ಗುರುತಿಸುತ್ತಿದ್ದರು ಎಂಬ ಮಾತು ಮುಂದೆ ಅಂಗಡಿಗಳಲ್ಲಿ ಜೋರಾಗಿ ಮಾರಾಟವಾಯಿತು. ಸಾವಿರ ವರ್ಷಕ್ಕೂ ಹಳೆಯ ಹಸ್ತಪ್ರತಿಯ ಚಿತ್ರದಲ್ಲೇ ಆ ಸ್ವೆಟರ್ ಇದೆ ಎಂದು ವಾದಿಸಿದವರೂ ಇದ್ದರು. ಇಂಥ ಕಥೆಗಳನ್ನೆಲ್ಲ ಜಾಲಾಡಿ, ಆ ಸ್ವೆಟರ್ 20ನೇ ಶತಮಾನದ್ದೇ ಎಂದು ತೋರಿಸಿದವರು ರಿಚರ್ಡ್ ರಟ್. ಅವರು ಇಂಗ್ಲೆಂಡಿನ ಲೆಸ್ಟರಿನಲ್ಲಿ ಬಿಷಪ್ ಆಗಿದ್ದವರು, ಅದಕ್ಕೂ ಮುನ್ನ ಕೊರಿಯಾದಲ್ಲಿ ಬಿಷಪ್, ಕೊರಿಯನ್ 
ಕವಿತೆಗಳ ಅನುವಾದಕ, ಮತ್ತು ಕಟ್ಟಾ ಹೆಣಿಗೆಗಾರ. 1987ರಲ್ಲಿ ಅವರು ಬರೆದ ಕೈಹೆಣಿಗೆಯ ಚರಿತ್ರೆ ಇವತ್ತಿಗೂ ಆಧಾರಗ್ರಂಥ. ಬಿಷಪ್ಪರು ಹೆಣೆಯುವುದನ್ನು ಕಂಡು ಜನ ನಕ್ಕರು, ಅವರು ಹೆಣೆಯುತ್ತಲೇ ಇದ್ದರು.

ನಮ್ಮಲ್ಲಿ ಈಗ ಚಳಿಗಾಲ ಬಂದರೆ ಊರಿನ ಫುಟ್‌ಪಾತಿನಲ್ಲಿ ಟಿಬೆಟಿನವರು ಸ್ವೆಟರ್ ರಾಶಿ ಹಾಕುತ್ತಾರೆ. ಅವುಗಳಲ್ಲಿ ಬಹುಪಾಲು ಲುಧಿಯಾನದ ಯಂತ್ರದಲ್ಲಿ ಹೆಣೆದು ಬಂದವು. ಲೀಯ ಕೊಕ್ಕೆಗಳ ದೂರದ ಮೊಮ್ಮಕ್ಕಳು ಅವು. ಒಂದು ಸ್ವೆಟರಿಗೆ ಬೇಕಾಗುವ ಉಲ್ಲನ್ನಿನ ದುಡ್ಡಿನಲ್ಲೇ ಅಲ್ಲಿ ಸಿದ್ಧ ಸ್ವೆಟರ್ ಸಿಗುತ್ತದೆ ಎಂದು ಚಿಕ್ಕಮ್ಮನಿಗೆ ಎಷ್ಟೋ ಸಲ ಹೇಳಿದ್ದೇನೆ. ಅವಳು ಕೇಳಿಸಿಕೊಳ್ಳುತ್ತಾಳೆ, ಆದರೆ ಉತ್ತರ ಕೊಡುವುದಿಲ್ಲ. ತುಟಿ ಅಲುಗುತ್ತಿರುತ್ತದೆ. ಸಾಲು ಮುಗಿದ ಮೇಲೆ ಕಡ್ಡಿ ತಿರುಗಿಸುತ್ತ, ‘ಏನೋ ಅಂದ್ಯಲ್ಲ ಆಗ, ಏನದು?’ ಎಂದು ಕೇಳುತ್ತಾಳೆ.

ಕ್ಯಾಲ್ವರ್ಟನ್ನಿನ ಹುಡುಗಿಯೂ ಎಣಿಸುತ್ತಿದ್ದಿರಬೇಕು. ಒಂದು ಯಂತ್ರ ಕಟ್ಟಲು ವರ್ಷಗಟ್ಟಲೆ ತಾಳ್ಮೆಯಿದ್ದ ಲೀ, ಆ ಸಾಲು ಮುಗಿಯುವವರೆಗೆ ಕಾಯಲಿಲ್ಲ.